ಮೇಲೆ ಲೇಖನ, ಕೆಳಗೆ ಅಡಿಟಿಪ್ಪಣಿ

ವಿಶ್ವಕೋಶವನ್ನು ಸಾಹಿತ್ಯವೆಂದು ಓದುವವರು ಕಡಮೆ. ಬೇಕಾದ ಇಸವಿಯನ್ನೋ ಹೆಸರನ್ನೋ ಹುಡುಕಿ, ಸಿಕ್ಕಿತೆಂದು ಸಂಪುಟವನ್ನು ಮುಚ್ಚಿ ಕಪಾಟಿಗೆ ಸೇರಿಸುವುದೇ ನಮ್ಮೆಲ್ಲರ ರೂಢಿ. ಕಾದಂಬರಿಗೆ ವಿಮರ್ಶೆಯುಂಟು, ಕವನಸಂಕಲನಕ್ಕೆ ಉಂಟು. ವಿಶ್ವಕೋಶದ ಬರಹಕ್ಕೆ ಇಲ್ಲ. ಆದರೆ ಕೆಲವು ವಿಷಯಗಳಲ್ಲಿ ಬರೆಯುವವನು ಬಳಸುವ ಒಂದೊಂದು ಕ್ರಿಯಾಪದವೂ ತೀರ್ಪಾಗಿಬಿಡುತ್ತದೆ. ರಾಜಕೀಯ ಹಿಂಸೆ ಅಂಥ ವಿಷಯ. ‘ಕೊಂದನು’ ಎಂದರೆ ಒಂದು, ‘ಸೇಡು ತೀರಿಸಿಕೊಂಡನು’ ಎಂದರೆ ಇನ್ನೊಂದು, ‘ಸಾವು ಸಂಭವಿಸಿತು’ ಎಂದರೆ ಮತ್ತೊಂದು. ಕನ್ನಡ ಪಾಠ ಹೇಳುವವನಿಗೆ ಇದು ಮೊದಲೇ ತಿಳಿದಿರಬೇಕಾದ ಸಂಗತಿ. ನನಗೆ ತಡವಾಗಿ ತಿಳಿಯಿತು.

ತಿಳಿಸಿಕೊಟ್ಟದ್ದು ಒಂದು ಸಣ್ಣ ಕೆಲಸ. ವಿದ್ಯಾರ್ಥಿಗಳಿಗಾಗಿ ಸಿದ್ಧವಾಗುತ್ತಿರುವ ಕಿರುಕೋಶವೊಂದಕ್ಕೆ ‘ಅರಾಜಕತಾವಾದ’ ಎಂಬ ನಮೂದನ್ನು ೩೦೦ ಪದಗಳಲ್ಲಿ ಬರೆದುಕೊಡಬೇಕೆಂದು ಅದರ ಸಂಪಾದಕರು ನನ್ನನ್ನು ಕೇಳಿದರು. ರಾಜ್ಯಶಾಸ್ತ್ರದವರನ್ನು ಬಿಟ್ಟು ಕನ್ನಡದವನನ್ನೇಕೆ ಕೇಳಿದರೆಂದರೆ, ರಾಜ್ಯಶಾಸ್ತ್ರದವರು ಸಮಯಕ್ಕೆ ಬರೆದುಕೊಡಲಿಲ್ಲವಂತೆ. ಒಪ್ಪಿಕೊಂಡೆ. ಒಂದೇ ಸಂಜೆ ಕುಳಿತು ಬಾಂಬುಗಳ, ಹತ್ಯೆಗಳ, ಗಲ್ಲುಗಳ ಪಟ್ಟಿಯೊಂದನ್ನು ಇಸವಿಯ ಅನುಕ್ರಮದಲ್ಲಿ ಬರೆದು ಮುಗಿಸಿದೆ. ಕಳುಹಿಸುವ ಮೊದಲು ಒಮ್ಮೆ ಹೋಲಿಸಿ ನೋಡೋಣವೆಂದು ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಧೂಳು ಹಿಡಿದು ಕುಳಿತಿದ್ದ ಎನ್‌ಸೈಕ್ಲೊಪೀಡಿಯ ಬ್ರಿಟಾನಿಕದ ಹನ್ನೊಂದನೆಯ ಆವೃತ್ತಿಯನ್ನು ತೆರೆದೆ. ೧೯೧೦–೧೧ರಲ್ಲಿ ೨೯ ಸಂಪುಟಗಳಾಗಿ ಬಂದ, ಇಂದಿಗೂ ಬಲ್ಲವರು ಹೊಗಳುವ ಆವೃತ್ತಿ ಅದು. ನನಗೆ ಬೇಕಾದದ್ದು ಮೊದಲನೆಯ ಸಂಪುಟದಲ್ಲಿಯೇ ಇತ್ತು. ಆ ಸಂಪುಟ ಮುಗಿಯುವುದು ಗ್ರೀಕರು ಹೇಳುತ್ತಿದ್ದ ನರಭಕ್ಷಕರ ಮೇಲಿನ ನಮೂದಿನಿಂದ ಎಂಬುದು ಅಕಾರಾದಿಯ ತಮಾಷೆ. ಅದಕ್ಕೆ ಅರ್ಥ ಹಚ್ಚಬೇಕಾಗಿಲ್ಲ.

ಲೇಖನವನ್ನು ಬರೆದವನು ಪೀಟರ್ ಕ್ರೊಪಾಟ್ಕಿನ್. ೧೮೪೨ರಲ್ಲಿ ರಷ್ಯದ ರಾಜವಂಶೀಯ ಮನೆತನದಲ್ಲಿ ಹುಟ್ಟಿ, ಸೈಬೀರಿಯದ ಬೆಟ್ಟಗಳನ್ನಳೆದು ಭೂಗೋಳಶಾಸ್ತ್ರಜ್ಞನೆನಿಸಿ, ಬಳಿಕ ಅರಾಜಕತಾವಾದದ ಬಹು ದೊಡ್ಡ ವಕ್ತಾರನಾದವನು. ಅಂದರೆ ಮತವೊಂದರ ವಿವರಣೆಯನ್ನು ಆ ಮತದ ಆಚಾರ್ಯರಿಂದಲೇ ಬರೆಯಿಸಿದಂತಾಯಿತು. ಇದು ತಪ್ಪೆಂದು ನಾನು ಹೇಳಲಾರೆ. ಒಳಗಿನವನು ಬರೆದದ್ದರಿಂದಲೇ ಲೇಖನಕ್ಕೊಂದು ತಿಳಿಯಾದ ನಡೆ ಬಂದಿದೆ. ಸರ್ಕಾರವಿಲ್ಲದೆ, ಸ್ವಂತ ಒಪ್ಪಂದಗಳ ಮೇಲೆ ಸಮಾಜ ನಡೆಯಬಲ್ಲದೆಂಬ ತತ್ತ್ವವನ್ನು ಆತ ಮೊದಲಲ್ಲೇ ಸ್ಪಷ್ಟಮಾಡುತ್ತಾನೆ. ಗ್ರೀಸಿನ ಜೀನೋನಿಂದ ಗಾಡ್ವಿನ್, ಪ್ರೂಧೋನ್, ಬಕೂನಿನರ ತನಕ ವಂಶಾವಳಿಯನ್ನು ಬಿಡಿಸಿಡುತ್ತಾನೆ. ತನ್ನ ಸ್ವಂತ ವಿಚಾರದ ಸರದಿ ಬಂದಾಗ ಪ್ರಸ್ತುತ ಲೇಖಕನೂ ಈ ಪಂಥದವನೇ ಎಂದು ಬಾಯಿಬಿಟ್ಟು ಹೇಳುತ್ತಾನೆ. ಈ ಪ್ರಾಮಾಣಿಕತೆ ನಿಷ್ಪಕ್ಷಪಾತದ ಮುಖವಾಡ ತೊಟ್ಟ ಅನೇಕ ವಿದ್ವಾಂಸರಲ್ಲಿಲ್ಲ.

ಇನ್ನು ಹಿಂಸೆಯ ಮಾತು. ಇಷ್ಟು ದೊಡ್ಡ ಲೇಖನದಲ್ಲಿ ಅದಕ್ಕೆ ದೊರೆತಿರುವುದು ಕೆಲವೇ ವಾಕ್ಯ. ಆಳುವವರು ದಮನ ನಡೆಸಿದರು, ಅದಕ್ಕೆ ಅರಾಜಕತಾವಾದಿಗಳು ಹಿಂಸೆಯಿಂದ ಉತ್ತರ ಕೊಟ್ಟರು, ಮೇಲಿನಿಂದ ಮತ್ತಷ್ಟು ಮರಣದಂಡನೆ, ಕೆಳಗಿನಿಂದ ಮತ್ತಷ್ಟು ಸೇಡು. ಇದರಿಂದ ಹಿಂಸೆಯೇ ಈ ವಾದದ ತಿರುಳೆಂದು ಜನ ಭಾವಿಸಿದರು, ವಾಸ್ತವವಾಗಿ ಬಹಿರಂಗ ಕಾರ್ಯಕ್ಕೆ ತಡೆಯೊಡ್ಡಿದಾಗ ಯಾವ ಪಕ್ಷವಾದರೂ ಹಿಂಸೆಗಿಳಿಯುತ್ತದೆ – ಇದು ಆತನ ಮಾತಿನ ಸಾರಾಂಶ.

ಮೊದಲ ಓದಿಗೆ ಇದು ನನ್ನನ್ನು ಗೆದ್ದುಬಿಟ್ಟಿತು. ನನ್ನ ಪಟ್ಟಿಯಲ್ಲಿಲ್ಲದ ಕಾರಣ ಇಲ್ಲಿತ್ತು. ಫ್ರಾನ್ಸಿನ ಉದಾಹರಣೆಯನ್ನೇ ನೋಡಿ. ೧೮೯೧ರ ಮೇ ೧ರಂದು ಫೂರ್ಮಿ ಎಂಬ ಊರಿನಲ್ಲಿ ಸೈನಿಕರು ಕೆಲಸಗಾರರ ಮೇಲೆ ಗುಂಡು ಹಾರಿಸಿ ಒಂಬತ್ತು ಜನರನ್ನು ಕೊಂದರು. ಅದೇ ದಿನ ಕ್ಲಿಶಿಯಲ್ಲಿ ಪೊಲೀಸರೊಡನೆ ಘರ್ಷಣೆಯಾಗಿ ಹಿಡಿಯಲ್ಪಟ್ಟವರಿಗೆ ಶಿಕ್ಷೆಯಾಯಿತು. ಮರುವರ್ಷ ರಾವಶೋಲ್ ಎಂಬವನು ಆ ಮೊಕದ್ದಮೆಯ ನ್ಯಾಯಾಧೀಶ ಮತ್ತು ಸರ್ಕಾರಿ ವಕೀಲರ ಮನೆಗಳಿಗೆ ಬಾಂಬಿಟ್ಟನು. ೧೮೯೩ರ ಡಿಸೆಂಬರಿನಲ್ಲಿ ವೈಯಾಂ ಎಂಬವನು ಪ್ರತಿನಿಧಿ ಸಭೆಯಲ್ಲಿ ಎಸೆದ ಬಾಂಬಿನಿಂದ ಒಬ್ಬರೂ ಸಾಯಲಿಲ್ಲ. ಆದರೂ ಅವನ ತಲೆ ಉರುಳಿತು. ಅಧ್ಯಕ್ಷ ಕಾರ್ನೋ ಕ್ಷಮೆ ನೀಡಲಿಲ್ಲ. ೧೮೯೪ರ ಜೂನ್ ೨೪ರಂದು ಲಿಯೋನಿನಲ್ಲಿ ಕಸೇರಿಯೋ ಎಂಬ ಇಟಲಿಯ ತರುಣನ ಚೂರಿಗೆ ಕಾರ್ನೋ ತುತ್ತಾದನು. ಕ್ರೊಪಾಟ್ಕಿನನ ಸರಪಳಿಯ ಕೊಂಡಿಗಳು ಇಲ್ಲಿ ಒಂದೂ ತಪ್ಪುವುದಿಲ್ಲ.

ಎರಡನೆಯ ಓದಿಗೆ ಬಾರ್ಸಿಲೋನ ನೆನಪಾಯಿತು. ೧೮೯೩ರ ನವೆಂಬರ್ ೭ರ ರಾತ್ರಿ ಲಿಸೆಯೊ ರಂಗಮಂದಿರದಲ್ಲಿ ರೊಸ್ಸೀನಿಯ ‘ವಿಲಿಯಂ ಟೆಲ್’ ಗೀತನಾಟಕ ನಡೆಯುತ್ತಿತ್ತು. ಕ್ರೂರಾಧಿಕಾರಿಯೊಬ್ಬನನ್ನು ಬಾಣದಿಂದ ಕೊಲ್ಲುವ ವೀರನ ಕಥೆ ಅದು. ಗ್ಯಾಲರಿಯಿಂದ ಸಾಲ್ವಡೋರ್ ಎಂಬವನು ಕೆಳಗೆ ಕುಳಿತಿದ್ದವರ ಮೇಲೆ ಬಾಂಬೆಸೆದನು. ಸತ್ತವರು ಸುಮಾರು ೨೦ ಜನ. ಇದಕ್ಕೂ ಹಿಂದಿನ ಕೊಂಡಿಯುಂಟು: ದಂಡನಾಯಕನೊಬ್ಬನ ಮೇಲೆ ಬಾಂಬೆಸೆದ ಪಲ್ಲಾಸ್ ಎಂಬ ಸಂಗಾತಿಯನ್ನು ಕೆಲವೇ ವಾರಗಳ ಕೆಳಗೆ ಗುಂಡಿಕ್ಕಿ ಕೊಂದಿದ್ದರು. ಆದರೆ ಟಿಕೆಟು ಕೊಂಡು ಹಾಡು ಕೇಳಲು ಬಂದ ಹೆಂಗಸು ಯಾರನ್ನು ದಮನ ಮಾಡಿದ್ದಳು? ಮರುವರ್ಷ ಪ್ಯಾರಿಸಿನ ಟರ್ಮಿನಸ್ ಕಾಫಿ ಅಂಗಡಿಯಲ್ಲಿ ಕುಳಿತಿದ್ದವರು? ‘ಕೆಳಗಿನಿಂದ ಸೇಡು’ ಎಂಬ ಮಾತು ಕಾರ್ನೋವಿನ ಸಾವಿಗೆ ಒಪ್ಪುವಂತೆ ಇವರ ಸಾವಿಗೆ ಒಪ್ಪುವುದಿಲ್ಲ. ಇಲ್ಲಿ ಸೇಡು ಯಾರ ಮೇಲಾದರೂ ಆದೀತು ಎಂಬ ಹೊಸ ತರ್ಕ ಹುಟ್ಟಿಕೊಂಡಿದೆ. ಆ ತರ್ಕ ತನ್ನವರಲ್ಲಿಯೇ ಹೇಗೆ ಹುಟ್ಟಿತು, ಎಷ್ಟು ಜನ ಅದನ್ನು ತಿರಸ್ಕರಿಸಿದರು ಎಂಬುದನ್ನು ಹೇಳಬಲ್ಲವನು ಕ್ರೊಪಾಟ್ಕಿನನೇ. ೧೮೮೧ರ ಲಂಡನ್ ಸಮ್ಮೇಳನದಲ್ಲಿ ‘ಕೃತಿಯ ಮೂಲಕ ಪ್ರಚಾರ’ದ ವಿಚಾರ ನಡೆದಾಗ ಆತ ಅಲ್ಲಿಯೇ ಇದ್ದವನು. ಬಲ್ಲವನು ಇಲ್ಲಿ ಸಾಮಾನ್ಯ ನಿಯಮವೊಂದನ್ನು ಹೇಳಿ ಸರಿದುಬಿಟ್ಟಿದ್ದಾನೆ. ಸತ್ತ ಒಬ್ಬನ ಹೆಸರೂ ಆ ವಾಕ್ಯಗಳಲ್ಲಿಲ್ಲ. ಲೇಖನದ ನಿಜವಾದ ದೋಷ ಇದೊಂದೇ; ಆದರೆ ದೊಡ್ಡದು.

ಸಂಪಾದಕರಿಗೂ ಈ ಕೊರತೆ ಕಂಡಿರಬೇಕು. ಅವರು ಲೇಖನವನ್ನು ತಿದ್ದಲಿಲ್ಲ, ಲೇಖಕನಿಗೆ ಹಿಂದಿರುಗಿಸಲೂ ಇಲ್ಲ. ‘ಸಂಪಾದಕ’ ಎಂಬ ಸಹಿಯೊಡನೆ ಕೆಳಗೆ ಸಣ್ಣ ಅಕ್ಷರದಲ್ಲಿ ಉದ್ದನೆಯ ಅಡಿಟಿಪ್ಪಣಿಯೊಂದನ್ನು ಕೂಡಿಸಿದರು. ಅದರ ಮುನ್ನುಡಿ ಬಹು ಸಭ್ಯವಾಗಿದೆ. ಕೊಲೆಗಡುಕರನ್ನು ಅರಾಜಕತಾವಾದಿಗಳೆನ್ನುವುದು ಸಡಿಲವಾದ ಬಳಕೆ, ತಾತ್ತ್ವಿಕ ಅರಾಜಕತಾವಾದಿಗೆ ಈ ಸಂಬಂಧ ಒಪ್ಪಿಗೆಯಾಗದು, ಜನರದು ಪದಗಳ ಗೊಂದಲ ಎಂದೆಲ್ಲ ಒಪ್ಪಿಕೊಂಡು, ಆದರೂ ಓದುಗರು ಈ ತಲೆಬರಹದ ಕೆಳಗೆ ಇವನ್ನು ಹುಡುಕುವುದರಿಂದ ಅನುಕೂಲಕ್ಕಾಗಿ ಕೊಟ್ಟಿದ್ದೇವೆ ಎಂದು ಹೇಳಿ, ಚಿಕಾಗೋದಿಂದ ಹಿಡಿದು ಕಾರ್ನೋ, ಸಾಮ್ರಾಜ್ಞಿ ಎಲಿಜಬೆತ್, ದೊರೆ ಹಂಬರ್ಟ್, ಅಧ್ಯಕ್ಷ ಮೆಕಿನ್ಲಿ ಇವರ ತನಕ ಪಟ್ಟಿ ಮಾಡಲಾಗಿದೆ. ಗೊಂದಲವೆಂದು ತಾವೇ ಹೇಳಿದ ಗೊಂದಲವನ್ನು ತಾವೇ ಅಚ್ಚು ಹಾಕಿಸಿದಂತಾಯಿತು.

ಈ ಪಟ್ಟಿ ಯಾವುದರಿಂದ ಮೊದಲಾಗುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು. ೧೮೮೨ರಿಂದ ೧೮೮೬ರ ನಡುವೆ ಫ್ರಾನ್ಸಿನಲ್ಲಿ ಕ್ರೊಪಾಟ್ಕಿನ್, ಲೂಯಿ ಮಿಶೆಲ್ ಮೊದಲಾದವರು ಸೆರೆಯಲ್ಲಿದ್ದರು ಎಂಬುದರಿಂದ! ಲೇಖನ ಬರೆದವನು ಅದೇ ಲೇಖನದ ಅಡಿಟಿಪ್ಪಣಿಯಲ್ಲಿ ಕೈದಿಯಾಗಿದ್ದಾನೆ. ಲಿಯೋನಿನ ನ್ಯಾಯಾಲಯ ೧೮೮೩ರಲ್ಲಿ ಅವನಿಗೆ ಐದು ವರ್ಷದ ಸಜೆ ವಿಧಿಸಿದ್ದು ಯಾರನ್ನೋ ಕೊಂದನೆಂದಲ್ಲ, ಕಾನೂನು ನಿಷೇಧಿಸಿದ್ದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಕ್ಕೆ ಸೇರಿದವನೆಂದು. ಅದರ ಬೆನ್ನಿಗೇ ಬರುವ ಮೋಸ್ಟ್ ಎಂಬ ಜರ್ಮನನು ಸೆರೆಗೆ ಹೋದದ್ದು ರಷ್ಯದ ಚಕ್ರವರ್ತಿಯ ಕೊಲೆಯನ್ನು ಹೊಗಳಿ ಪತ್ರಿಕೆಯಲ್ಲಿ ಬರೆದದ್ದಕ್ಕೆ. ಸಂಘ ಸೇರಿದ್ದು, ಬರೆದದ್ದು, ಕೊಂದದ್ದು – ಮೂರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿವೆ. ಪಟ್ಟಿಗೆ ಇರುವ ಕೇಡು ಇದೇ. ಚಿಕಾಗೋವಿನಲ್ಲಿ ೧೮೮೬ರ ಮೇ ೪ರಂದು ಬಾಂಬೆಸೆದವನು ಯಾರೆಂದು ಕೊನೆಗೂ ಸ್ಥಾಪಿತವಾಗಲಿಲ್ಲ. ಆದರೂ ಮರುವರ್ಷ ನಾಲ್ವರನ್ನು ಗಲ್ಲಿಗೇರಿಸಿದರು. ೧೮೯೩ರಲ್ಲಿ ಇಲಿನಾಯ್ ಗವರ್ನರ್ ಆಲ್ಟ್‌ಗೆಲ್ಡ್ ವಿಚಾರಣೆಯೇ ನ್ಯಾಯವಾಗಿರಲಿಲ್ಲವೆಂದು ಉಳಿದ ಮೂವರನ್ನು ಬಿಡುಗಡೆ ಮಾಡಿದನು. ಇಂಥದನ್ನು ಮೆಕಿನ್ಲಿಯ ಕೊಲೆಯ ಜೊತೆಗೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಎರಡರ ಸ್ವರೂಪವೂ ಓದುಗನಿಗೆ ತಿಳಿಯದೆ ಹೋಗುತ್ತದೆ.

ಇಂಗ್ಲಿಷಿನ ಈ ಸಡಿಲ ಬಳಕೆ ಇಂಗ್ಲೆಂಡಿನಲ್ಲಿಯೇ ಉಳಿದಿದ್ದರೆ ನಮಗೇನೂ ತೊಂದರೆಯಿರಲಿಲ್ಲ. ೧೯೧೯ರ ರೌಲಟ್ ಶಾಸನದ ಅಧಿಕೃತ ಹೆಸರಿನಲ್ಲಿಯೇ ‘ಅರಾಜಕ ಮತ್ತು ಕ್ರಾಂತಿಕಾರಿ ಅಪರಾಧಗಳು’ ಎಂಬ ಮಾತಿತ್ತು. ಬಂಗಾಳದ ತರುಣರು ಬಯಸಿದ್ದು ರಾಜ್ಯವೇ ಇಲ್ಲದಿರುವುದನ್ನಲ್ಲ, ತಮ್ಮದೇ ಆದ ರಾಜ್ಯವನ್ನು. ಅವರಿಗೂ ಅದೇ ಹಣೆಪಟ್ಟಿ. ೧೯೧೬ರಲ್ಲಿ ಕಾಶಿಯಲ್ಲಿ ಗಾಂಧೀಜಿ ತಾವೂ ಒಂದು ಬಗೆಯ ಅರಾಜಕತಾವಾದಿಯೇ, ಆದರೆ ಬೇರೆ ಬಗೆಯವರು ಎಂದಾಗ ಸಭೆಯಲ್ಲಿ ಕೋಲಾಹಲವಾದದ್ದು ಈ ಪದದ ಅವಸ್ಥೆಯನ್ನು ತೋರಿಸುತ್ತದೆ.

ನಮ್ಮ ಭಾಷೆಯಲ್ಲಿಯೂ ಪದ ಸರಳವಲ್ಲ. ದಶರಥ ತೀರಿಕೊಂಡ ಮೇಲೆ ಅಯೋಧ್ಯಾಕಾಂಡದಲ್ಲಿ ಬರುವ ಅರಾಜಕ ಜನಪದದ ವರ್ಣನೆಯಲ್ಲಿ ಮಳೆಯೂ ಸರಿಯಾಗಿ ಬೀಳುವುದಿಲ್ಲ. ಮೀನು ಮೀನನ್ನು ನುಂಗುತ್ತದೆ. ಶಾಂತಿಪರ್ವದ ಭೀಷ್ಮನೋ, ಮೊದಲು ರಾಜನೂ ಇರಲಿಲ್ಲ ದಂಡವೂ ಇರಲಿಲ್ಲ, ಜನ ಧರ್ಮದಿಂದಲೇ ಒಬ್ಬರನ್ನೊಬ್ಬರು ಕಾಯುತ್ತಿದ್ದರು ಎನ್ನುತ್ತಾನೆ. ಒಂದೇ ಸ್ಥಿತಿಗೆ ಎರಡು ಚಿತ್ರ. ನಾವು ದಿನಪತ್ರಿಕೆಯಲ್ಲಿ ‘ಅರಾಜಕತೆ’ ಎಂದಾಗ ಮೊದಲನೆಯದನ್ನೇ ಹಿಡಿಯುತ್ತೇವೆ, ಎರಡನೆಯದನ್ನು ಮರೆತೇಬಿಟ್ಟಿದ್ದೇವೆ.

ಇಷ್ಟೆಲ್ಲ ಆದ ಮೇಲೆ ನನ್ನ ಹಾಳೆಯನ್ನು ತೆಗೆದು ನೋಡಿದೆ. ನಾನು ಬರೆದದ್ದು ಆ ಅಡಿಟಿಪ್ಪಣಿಯನ್ನೇ. ಅದರ ಸಭ್ಯವಾದ ಮುನ್ನುಡಿಯೂ ಇಲ್ಲದೆ. ಹರಿದುಹಾಕಿ ಹೊಸದಾಗಿ ಬರೆದೆ. ತತ್ತ್ವ ಮೊದಲು, ಬಳಿಕ ದಮನ ಮತ್ತು ಸೇಡಿನ ಸರಪಳಿ, ಬಳಿಕ ಆ ಸರಪಳಿಗೆ ಸೇರದ ಲಿಸೆಯೊದ ರಾತ್ರಿ. ೫೨೦ ಪದಗಳಾದವು. ಸಂಪಾದಕರು ಮೊನ್ನೆ ಹಸ್ತಪ್ರತಿಯನ್ನು ಹಿಂದಿರುಗಿಸಿ, “ಮೇಷ್ಟ್ರೇ, ಕಾರಣಗಳು ಜಾಸ್ತಿಯಾದವು, ಇಸವಿ, ಹೆಸರು ಇದ್ದರೆ ಹುಡುಗರಿಗೆ ಪರೀಕ್ಷೆಗೆ ಅನುಕೂಲ” ಎಂದು ಚೀಟಿ ಇಟ್ಟಿದ್ದಾರೆ. ಕಡಿಯಬೇಕಾದ ೨೨೦ ಪದಗಳನ್ನು ಇನ್ನೂ ಆರಿಸಿಲ್ಲ. ಲಿಸೆಯೊವನ್ನು ಮಾತ್ರ ಬಿಡುವುದಿಲ್ಲವೆಂದು ಅವರಿಗೆ ಕಾಗದ ಬರೆದಿದ್ದೇನೆ.