‘ಧಾಟಿ’ ಎಂಬ ಶಬ್ದದ ಅರ್ಥ ಮತ್ತು ಪ್ರಯೋಗ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮಾತನ್ನು ಕುರಿತು ಬರೆಯುವವರು ‘ಧಾಟಿ’ ಎಂಬ ಶಬ್ದವನ್ನು ಬಹು ಸಡಿಲವಾಗಿ ಪ್ರಯೋಗಿಸುತ್ತಾರೆ. ಈ ಸಡಿಲತೆಯಿಂದ ಒಂದು ತಪ್ಪು ತೀರ್ಮಾನ ಬೆಳೆದಿರುವುದರಿಂದ ಅದನ್ನಿಲ್ಲಿ ಪರಿಶೀಲಿಸುತ್ತೇವೆ.

ಸಂಸ್ಕೃತದಲ್ಲಿ ‘ಧಾಟೀ’ ಎಂದರೆ ದಾಳಿ. ಕನ್ನಡ, ಮರಾಠಿಗಳಲ್ಲಿ ರೀತಿ ಎಂಬ ಅರ್ಥವೇ ರೂಢವಾಗಿದೆ. ನಾಟಕದ ಹಾಡುಗಳ ಪುಸ್ತಕಗಳಲ್ಲಿ ಪದ್ಯದ ಮೇಲೆ ‘ಧಾಟಿ’ ಎಂದು ಮುದ್ರಿಸಿ, ಪರಿಚಿತವಾದ ಬೇರೊಂದು ಹಾಡನ್ನು ಸೂಚಿಸುವುದುಂಟು. ಶಬ್ದಗಳು ಬೇರೆ, ಏರಿಳಿತ ಮಾತ್ರ ಅದೇ. ಮಾತಿಗೂ ಈ ಅರ್ಥವೇ ಸಲ್ಲತಕ್ಕದ್ದು.

ಆದರೆ ‘ಐತಿ’, ‘ಚಲೋ’, ‘ಮನಿ’ ಈ ಮೂರನ್ನೂ ಧಾಟಿಯೆಂದೇ ಕರೆಯುವುದನ್ನು ಕಾಣುತ್ತೇವೆ. ‘ಐತಿ’ ಎಂಬುದು ಕ್ರಿಯಾರೂಪ. ಅದು ವ್ಯಾಕರಣದ ವಿಷಯ. ‘ಚಲೋ’ ಎಂಬುದು ಶಬ್ದಕೋಶಕ್ಕೆ ಸೇರಿದ್ದು. ‘ಮನಿ’ ಎಂಬಲ್ಲಿ ಪದಾಂತ್ಯದ ಎಕಾರವು ಇಕಾರವಾಗಿದೆ, ಇದು ಉಚ್ಚಾರಭೇದ. ಹುಕ್ಕೇರಿಯು ಗಡಿಗೆ ಸಮೀಪವಾದುದರಿಂದ ಇದನ್ನು ಮರಾಠಿಯ ಪ್ರಭಾವವೆನ್ನುವವರಿದ್ದಾರೆ. ಗಡಿಯಿಂದ ದೂರದ ಧಾರವಾಡದಲ್ಲಿಯೂ ‘ಮನಿ’, ‘ತಲಿ’ಗಳೇ ಇರುವಾಗ ಈ ವಾದ ನಿಲ್ಲದು.

ಇನ್ನೊಂದು ದೋಷ ಇದಕ್ಕಿಂತ ಗಂಭೀರವಾದುದು. ‘ಅವನ ಮಾತಿಗೆ ಧಾಟಿಯಿದೆ’ ಎನ್ನುವವನು ತನ್ನ ಮಾತಿಗೆ ಅದಿಲ್ಲವೆಂದು ಭಾವಿಸಿರುತ್ತಾನೆ. ಮೈಸೂರಿನ ಮಾತಿಗೂ ಧಾಟಿಯುಂಟು. ಪಠ್ಯಪುಸ್ತಕದ ಭಾಷೆಗೆ ಸಮೀಪವಾದ್ದರಿಂದ ಅದು ಕಿವಿಗೆ ತೋರುವುದಿಲ್ಲ, ಅಷ್ಟೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನಾಡನ್ನು ಹೇಳುವಾಗ ಇದೇ ಬೆಳಗಾವಿ ಜಿಲ್ಲೆಯ ಒಕ್ಕುಂದವನ್ನು ಎಣಿಸಿತ್ತು. ಅಂದಿನ ತಿರುಳು ಇಂದು ‘ಅಶುದ್ಧ’ವೆನಿಸಿದ್ದರೆ, ಬದಲಾದುದು ಶುದ್ಧಿಯ ಅಳತೆಗೋಲು. ಇದನ್ನೇ ಹಿಡಿದು ನಮ್ಮ ಭಾಗದವರು ಹೆಮ್ಮೆ ಪಡುವುದೂ ಸರಿಯಲ್ಲ; ದೇಸಿ ಬೇರೆಬೇರೆಯೆಂದು, ಕನ್ನಡಗಳು ಹಲವೆಂದು ಒಪ್ಪಿಕೊಂಡುದೂ ಅದೇ ಗ್ರಂಥ.

ಸಾಹಿತ್ಯವು ಈ ಭೇದವನ್ನು ದೋಷವೆಂದೆಣಿಸಲಿಲ್ಲ. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ ಆನಂದಕಂದರು ‘ನಲ್ವಾಡುಗಳು’ ಕೃತಿಯಲ್ಲಿ ಹಳ್ಳಿಯ ನುಡಿಯನ್ನೇ ಬಳಸಿದರು. ಕುಲಗೋಡ, ಕೌಜಲಗಿಗಳ ಹೆಸರಿನೊಡನೆ ಬೆಳೆದ ಶ್ರೀಕೃಷ್ಣ ಪಾರಿಜಾತದ ಬಯಲಾಟದಲ್ಲಿ ಪುರಾಣದ ಕಥೆಗೂ ಊರ ಮಾತಿಗೂ ವಿರೋಧ ಉಂಟಾಗಲಿಲ್ಲ.

ವಿರೋಧ ಕಂಡುಬರುವುದು ತರಗತಿಯಲ್ಲಿ. ‘ಮನಿ’ ಎಂದೋದಿದ ವಿದ್ಯಾರ್ಥಿಯನ್ನು ತಿದ್ದುವಾಗ ಅಧ್ಯಾಪಕರು, ತಾವು ತಿದ್ದುತ್ತಿರುವುದು ಬರವಣಿಗೆಯ ರೂಪವನ್ನೋ ಆತನ ನಾಲಗೆಯನ್ನೋ ಎಂಬುದನ್ನು ವಿವೇಚಿಸಬೇಕು. ಮೊದಲನೆಯದು ಅವರ ಕರ್ತವ್ಯ. ಎರಡನೆಯದಕ್ಕೆ ಅವರಿಗೆ ಅಧಿಕಾರವಿಲ್ಲ. ಆದುದರಿಂದ ಏರಿಳಿತಕ್ಕೆ ‘ಧಾಟಿ’, ಧ್ವನಿಭೇದಕ್ಕೆ ‘ಉಚ್ಚಾರ’, ಎಲ್ಲವನ್ನೂ ಒಳಗೊಂಡುದಕ್ಕೆ ‘ಉಪಭಾಷೆ’ ಎಂದು ಬೇರ್ಪಡಿಸಿ ಬಳಸುವುದೇ ಯುಕ್ತವೆಂದು ನಮ್ಮ ಮತ.