‘ನಾನು’ ಮತ್ತು ‘ನನಗೆ’: ವ್ಯಕ್ತಿತ್ವ ಪ್ರಶ್ನಾವಳಿಗಳ ಕನ್ನಡ ರೂಪವನ್ನು ಕುರಿತು

ಮನುಷ್ಯಸ್ವಭಾವದ ಮುಖ್ಯ ಭೇದಗಳು ಭಾಷೆಯ ಪದಕೋಶದಲ್ಲಿ ನೆಲೆಗೊಂಡಿರುತ್ತವೆ ಎಂಬ ಊಹೆಯು ಇಂದಿನ ವ್ಯಕ್ತಿತ್ವಮಾಪನದ ಮುಖ್ಯ ತಳಹದಿಗಳಲ್ಲೊಂದು. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್ಬರ್ಟ್ ಇಂಗ್ಲಿಷ್ ನಿಘಂಟಿನಿಂದ 17,953 ಪದಗಳನ್ನು ಆಯ್ದರು. ಆ ಪರಂಪರೆಯಲ್ಲಿಯೇ ಪಂಚಗುಣ ಮಾದರಿಯು ರೂಪುಗೊಂಡಿತು. ಇಂತಹ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವಾಗ ಅನುವಾದ ಹಾಗೂ ಮರು-ಅನುವಾದಗಳ ಹೋಲಿಕೆಯಷ್ಟೇ ಸಾಕೆಂಬ ನಿಲುವನ್ನು ನಾವಿಲ್ಲಿ ಪ್ರಶ್ನಿಸುತ್ತೇವೆ.

ಆ ಹೋಲಿಕೆಯು ಪದದ ಅರ್ಥವನ್ನು ಪರೀಕ್ಷಿಸುತ್ತದೆಯೇ ಹೊರತು ವಾಕ್ಯದ ರಚನೆಯನ್ನಲ್ಲ. ಪ್ರಶ್ನಾವಳಿಯ ಹೇಳಿಕೆಗಳಲ್ಲಿ ‘ನಾನು’ ಸಾಮಾನ್ಯವಾಗಿ ಪ್ರಥಮಾ ವಿಭಕ್ತಿಯಲ್ಲಿದ್ದು, ಗುಣವು ಅದರ ಸ್ಥಿರ ವಿಧೇಯವಾಗಿರುತ್ತದೆ. ಆದರೆ ಅರಸೀಕೆರೆಯ ಸಂತೆಯಲ್ಲಾಗಲಿ ಬೇಲೂರಿನ ಬಸ್ ನಿಲ್ದಾಣದಲ್ಲಾಗಲಿ ಸಹಜವಾದ ಮಾತು ‘ನಾನು ಕೋಪಿಷ್ಠ’ ಎಂಬುದಲ್ಲ, ‘ನಂಗೆ ಬೇಗ ಸಿಟ್ಟು ಬರುತ್ತೆ’ ಎಂಬುದು. ಇಲ್ಲಿ ಅನುಭವಿಸುವ ವ್ಯಕ್ತಿ ಚತುರ್ಥಿಯಲ್ಲಿದ್ದು, ಸಿಟ್ಟು ಬಂದುಹೋಗುವ ಸಂಗತಿಯಾಗಿದೆ. ಮೊದಲನೆಯದು ತನ್ನ ಮೇಲೆ ತಾನೇ ಕೊಟ್ಟುಕೊಳ್ಳುವ ತೀರ್ಪು. ಎರಡನೆಯದು ಅನುಭವದ ನಿವೇದನೆ. ಒಂದನ್ನು ಒಪ್ಪಲು ಹಿಂಜರಿಯುವವರು ಇನ್ನೊಂದನ್ನು ಸಲೀಸಾಗಿ ಒಪ್ಪಬಹುದು. ಎರಡೂ ಇಂಗ್ಲಿಷಿಗೆ ಹೆಚ್ಚುಕಡಿಮೆ ಒಂದೇ ವಾಕ್ಯವಾಗಿ ಮರಳಬಲ್ಲವಾದ್ದರಿಂದ ಮರು-ಅನುವಾದಕ್ಕೆ ಈ ವ್ಯತ್ಯಾಸವು ಗೋಚರಿಸದು.

ನಿಷೇಧವಾಕ್ಯಗಳದು ಮತ್ತೊಂದು ತೊಡಕು. ‘ನನಗೆ ಸುಲಭವಾಗಿ ಸಿಟ್ಟು ಬರುವುದಿಲ್ಲ’ ಎಂದು ಓದಿ ಹೇಳಿದಾಗ ದೊರೆಯುವ ‘ಇಲ್ಲ’ ಎಂಬ ಉತ್ತರವು ಹೇಳಿಕೆಯ ನಿರಾಕರಣೆಯೋ, ಅನುಮೋದನೆಯೋ? ಕನ್ನಡದಲ್ಲಿ ಎರಡೂ ಸಾಧ್ಯ. 2019ರಲ್ಲಿ ಲಜಾಜ್ ಮತ್ತು ಸಂಗಡಿಗರು ಕಡಿಮೆ ಹಾಗೂ ಮಧ್ಯಮ ಆದಾಯದ 23 ದೇಶಗಳ ದತ್ತಾಂಶದಿಂದ, ಇಂತಹ ಪ್ರಶ್ನೆಗಳು ಉದ್ದೇಶಿತ ಗುಣಗಳನ್ನು ಬಹುಮಟ್ಟಿಗೆ ಅಳೆಯುತ್ತಿಲ್ಲವೆಂದು ತೋರಿಸಿದರು. ಆ ವೈಫಲ್ಯದಲ್ಲಿ ವ್ಯಾಕರಣದ ಪಾಲೆಷ್ಟೆಂಬುದು ಭಾಷಾವಿಜ್ಞಾನಿಗಳು ಕೇಳಬೇಕಾದ ಪ್ರಶ್ನೆ.

ಪಂಚಗುಣ ಮಾದರಿಯು ಕನ್ನಡಿಗರಿಗೆ ಸಲ್ಲದು ಎಂಬುದು ನಮ್ಮ ವಾದವಲ್ಲ. ಸಲ್ಲುತ್ತದೆಯೇ ಎಂದು ತಿಳಿಯಲು ಕನ್ನಡದ್ದೇ ಗುಣಪದಕೋಶವು ಬೇಕು. ಹಿಂದಿಯಲ್ಲಿ ಅಂತಹ ಅಧ್ಯಯನವು 2013ರಲ್ಲಿಯೇ ಪ್ರಕಟವಾಗಿದೆ. ಆ ಕೋಶವು ನಿಘಂಟಿಗೆ ಸೀಮಿತವಾಗಬಾರದು. ಹಳೇಬೀಡಿನ ಗರುಡಸ್ತಂಭದ ಶಾಸನವು ಕುವರಲಕ್ಷ್ಮನ ನಿಷ್ಠೆಯನ್ನು ಒಡೆಯನಾದ ವೀರಬಲ್ಲಾಳನೊಡನಿದ್ದ ಸಂಬಂಧದ ಮೂಲಕ, ಅನ್ಯರ ನುಡಿಯಲ್ಲಿ ದಾಖಲಿಸಿದೆ. ಗುಣವನ್ನು ‘ನಾನು’ ಎಂಬುದರ ಹೊರಗೆ ನಿಂತು ಹೇಳುವ ಈ ಕ್ರಮಕ್ಕೆ ಸ್ವ-ವರದಿಯ ಪ್ರಶ್ನಾವಳಿಯಲ್ಲಿ ಸ್ಥಳವಿಲ್ಲ. ಆದಕಾರಣ ಪ್ರತಿ ಹೇಳಿಕೆಯ ಪ್ರಥಮಾ ಮತ್ತು ಚತುರ್ಥೀ ರೂಪಗಳೆರಡನ್ನೂ ಒಂದೇ ಸಮುದಾಯದಲ್ಲಿ ಪರೀಕ್ಷಿಸಿದ ಬಳಿಕವೇ ಅಂಕಗಳನ್ನು ಹೋಲಿಸುವುದು ಯುಕ್ತ. ಇಲ್ಲವಾದರೆ ಸ್ವಭಾವದ ಹೆಸರಿನಲ್ಲಿ ನಾವು ವಿಭಕ್ತಿಯನ್ನು ಅಳೆದಂತಾದೀತು.