ಒಂದು ಸೌಧ, ಇಬ್ಬರು ಒಡೆಯರು

ಮನೆಯನ್ನು ಕಟ್ಟಿಸಿದವರ ಮನೋಧರ್ಮವನ್ನು ಅರಿಯಬೇಕಾದರೆ ಅದಕ್ಕೆ ತಗುಲಿದ ವೆಚ್ಚವನ್ನು ವಿಚಾರಿಸುವುದಕ್ಕಿಂತ, ಅವರು ಯಾವ ಪ್ರತಿಮೆಯನ್ನು ಎಲ್ಲಿ ನಿಲ್ಲಿಸಿದ್ದಾರೆ, ಯಾವುದನ್ನು ಹೊರಗೆ ಹಾಕಿಸಿದ್ದಾರೆ ಎಂಬುದನ್ನು ನೋಡುವುದು ಲೇಸು. ಗ್ರೀಸ್ ದೇಶದ ಕಾರ್ಫು ದ್ವೀಪದಲ್ಲಿರುವ ಅಕಿಲಿಯಾನ್ ಎಂಬ ವಿಲಾಸ ಸೌಧವು ಈ ಮಾತಿಗೆ ತಕ್ಕ ನಿದರ್ಶನ. ಒಂದೇ ಕಟ್ಟಡ, ಒಂದೇ ಉದ್ಯಾನ, ಎದುರಿಗೆ ಒಂದೇ ಸಮುದ್ರ. ಆದರೆ ಒಬ್ಬರ ನಂತರ ಒಬ್ಬರಂತೆ ಅದಕ್ಕೆ ಒಡೆಯರಾದ ಇಬ್ಬರು ಅಲ್ಲಿ ಕಂಡುಕೊಂಡದ್ದು ಎರಡು ಬೇರೆ ಬೇರೆ ಲೋಕಗಳನ್ನು.

ಕಾರ್ಫು ನಗರದಿಂದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಗಾಸ್ತೂರಿ ಎಂಬ ಹಳ್ಳಿಯಿದೆ. ಅಲ್ಲಿಯ ಗುಡ್ಡದ ಮೇಲೆ ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಜಬೆತ್ ಈ ಸೌಧವನ್ನು ಕಟ್ಟಿಸಿದಳು. ಶಿಲ್ಪಿ ಇಟಲಿಯ ರಫಾಯೆಲೆ ಕರಿತ್ತೊ. 1891ರ ಹೊತ್ತಿಗೆ ಕೆಲಸ ಮುಗಿಯಿತು. ಉದ್ಯಾನವು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಕಡಲ ಕಡೆಗೆ ಸಾಗುತ್ತದೆ. ಕಂಬಗಳ ಸಾಲಿನಲ್ಲಿ ಕಲಾದೇವಿಯರ ಪ್ರತಿಮೆಗಳು. ಗೋಡೆಗಳ ಮೇಲೆ ಪೊಂಪೇಯಿ ಮಾದರಿಯ ಚಿತ್ರಗಳು. 1889ರ ಜನವರಿಯಲ್ಲಿ ಆಕೆಯ ಏಕಮಾತ್ರ ಪುತ್ರ ರುಡಾಲ್ಫ್ ಮೇಯರ್ಲಿಂಗ್‌ನಲ್ಲಿ ದಾರುಣವಾಗಿ ಮರಣ ಹೊಂದಿದ್ದನು. ಪುತ್ರಶೋಕವನ್ನು ಹೊತ್ತ ತಾಯಿಯ ಮನೆಯಿದು ಎಂಬುದನ್ನು ಮರೆತರೆ ಇಲ್ಲಿಯ ಯಾವುದೂ ಅರ್ಥವಾಗುವುದಿಲ್ಲ.

ಸೌಧಕ್ಕೆ ಆಕೆ ಗ್ರೀಕ್ ವೀರನಾದ ಅಕಿಲೀಸನ ಹೆಸರನ್ನಿಟ್ಟಳು. ನಮ್ಮ ಕಥೆಗಳ ದುರ್ಯೋಧನನಿಗೆ ತೊಡೆಯು ಹೇಗೋ ಹಾಗೆ ಅಕಿಲೀಸನಿಗೆ ಹಿಮ್ಮಡಿಯು ಮರ್ಮಸ್ಥಾನ. ಎರ್ನ್ಸ್ಟ್ ಹೆರ್ಟರ್ 1884ರಲ್ಲಿ ಕಡೆದ ‘ಸಾಯುತ್ತಿರುವ ಅಕಿಲೀಸ್’ ಎಂಬ ಅಮೃತಶಿಲೆಯ ಪ್ರತಿಮೆಯನ್ನು ಆಕೆ ಇಲ್ಲಿಗೆ ತರಿಸಿದಳು. ನೆಲಕ್ಕೊರಗಿದ ವೀರನು ಹಿಮ್ಮಡಿಯಲ್ಲಿ ನೆಟ್ಟ ಬಾಣವನ್ನು ಕೀಳಲು ಯತ್ನಿಸುತ್ತಿದ್ದಾನೆ. ಇಷ್ಟು ವೈಭವದ ಮನೆಯಲ್ಲಿ ಸೋಲುತ್ತಿರುವವನಿಗೆ ಪ್ರಧಾನ ಸ್ಥಾನವನ್ನು ಕೊಡಬೇಕಾದರೆ ಎದೆಗಾರಿಕೆ ಬೇಕು. ಐಶ್ವರ್ಯವೂ ಒಂದು ಹಿಮ್ಮಡಿಯನ್ನು ಹೊಂದಿದೆ ಎಂಬ ಅರಿವು ಆ ಪ್ರತಿಮೆಯಲ್ಲಿದೆ.

ಆದರೆ ಅರಿವಿದ್ದ ಮಾತ್ರಕ್ಕೆ ಶಾಂತಿ ದೊರೆಯಲಿಲ್ಲ. ಸೌಧವು ಪೂರ್ಣಗೊಂಡ ಕೆಲವೇ ವರ್ಷಗಳಲ್ಲಿ ಆಕೆಗೆ ಅದರಲ್ಲಿ ಆಸಕ್ತಿ ತಗ್ಗಿತು. ಊರಿಂದೂರಿಗೆ ಅಲೆದಾಟ ಮುಂದುವರಿಯಿತು. 1898ರ ಸೆಪ್ಟೆಂಬರ್ 10ರಂದು ಜಿನೀವಾದ ಸರೋವರ ತೀರದಲ್ಲಿ ಹಂತಕನೊಬ್ಬನ ಕೈಯಿಂದ ಆಕೆಯ ಜೀವಿತ ಕೊನೆಗೊಂಡಿತು. ಕಟ್ಟಿಸಿದ ಮನೆ ಅಲ್ಲಿಯೇ ಉಳಿಯಿತು.

1907ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು ಇದನ್ನು ಕೊಂಡನು. ಸಾಯುತ್ತಿರುವ ಅಕಿಲೀಸನು ಅವನಿಗೆ ಸಾಲದಾದನು. ಯೋಹಾನೆಸ್ ಗ್ಯೋಟ್ಸ್ ಎಂಬ ಶಿಲ್ಪಿಯಿಂದ ಶಿರಸ್ತ್ರಾಣ, ಗುರಾಣಿ, ಭರ್ಜಿಗಳನ್ನು ಧರಿಸಿ ನಿಂತ ವಿಜಯಿ ಅಕಿಲೀಸನ ಬೃಹತ್ ಕಂಚಿನ ಪ್ರತಿಮೆಯನ್ನು ಮಾಡಿಸಿ ಉದ್ಯಾನದಲ್ಲಿ ನಿಲ್ಲಿಸಿದನು. ಸಾಮ್ರಾಜ್ಞಿಯು ಬಹುವಾಗಿ ಮೆಚ್ಚಿದ್ದ ಕವಿ ಹೈನೆಯ ಪ್ರತಿಮೆಯನ್ನು ತೆಗೆಸಿಹಾಕಿದನು. ಹೈನೆ ಯಹೂದಿ ಕುಲದಲ್ಲಿ ಹುಟ್ಟಿದವನು, ಅಧಿಕಾರಸ್ಥರನ್ನು ಚುಚ್ಚಿ ಬರೆದವನು. ಅಲ್ಲಿಂದ ಹೊರಬಿದ್ದ ಆ ಪ್ರತಿಮೆಯು ಊರೂರು ಸುತ್ತಿ ಕಡೆಗೆ ಫ್ರಾನ್ಸಿನ ತೂಲೋನ್ ನಗರದಲ್ಲಿ ನೆಲೆ ಕಂಡಿತು. ವಿಲ್ಹೆಲ್ಮನು ಬರೆಯುವ ಮೇಜಿನ ಮುಂದೆ ಕುದುರೆಯ ಜೀನಿನಂತಹ ಆಸನದ ಮೇಲೆ ಕುಳಿತು ಕೆಲಸ ಮಾಡುತ್ತಿದ್ದನು. ವಿಶ್ರಾಂತಿಗೆಂದು ಬಂದ ದ್ವೀಪದಲ್ಲಿಯೂ ಅವನು ಕುದುರೆಯಿಂದ ಇಳಿಯಲಿಲ್ಲ!

ಈ ಸೌಧವು ಅಭಿರುಚಿಹೀನವೆಂದು ಹಳಿದವರು ಉಂಟು. ಅಮೆರಿಕದ ಲೇಖಕ ಹೆನ್ರಿ ಮಿಲ್ಲರ್ 1941ರಲ್ಲಿ ಪ್ರಕಟವಾದ ತನ್ನ ಗ್ರೀಸ್ ಪ್ರವಾಸದ ಪುಸ್ತಕದಲ್ಲಿ ಇದನ್ನು ಕಟುವಾಗಿ ಲೇವಡಿ ಮಾಡಿದ್ದಾನೆ. ಆ ಟೀಕೆಯಲ್ಲಿ ಹುರುಳಿದೆ. ಬೇರೆ ಬೇರೆ ಕಾಲಗಳ ಮಾದರಿಗಳನ್ನು ಒಟ್ಟುಗೂಡಿಸಿದ ಅಲಂಕಾರವು ಕಣ್ಣಿಗೆ ಭಾರವೇ ಸರಿ. ಆದರೆ ದೋಷವನ್ನು ಅಲಂಕಾರದಲ್ಲಿ ಮಾತ್ರ ಹುಡುಕಿದರೆ ವಿಮರ್ಶೆಯು ಅರ್ಧದಾರಿಯಲ್ಲಿ ನಿಂತಂತೆ. ಒಡೆತಿಯು ಅಲ್ಲಿ ತನ್ನ ದುಃಖವನ್ನು ಕಂಡಳು. ಒಡೆಯನು ತನ್ನ ದರ್ಪವನ್ನು ಕಂಡನು. ಪಕ್ಕದ ಹಳ್ಳಿಯಾಗಲಿ ಆ ಹಳ್ಳಿಯ ಜನರಾಗಲಿ ಇಬ್ಬರ ಕಲಾಯೋಜನೆಯಲ್ಲಿಯೂ ಎಲ್ಲಿಯೂ ಇಲ್ಲ. ಪರರಿಗೆ ಎಡೆಯಿಲ್ಲದ ಮನೆಯು ಎಷ್ಟು ವಿಶಾಲವಾದರೂ ಇಕ್ಕಟ್ಟಾದ ಮನೆಯೇ.

ವ್ಯಾಪಾರಿಯ ರೂಢಿಯಂತೆ ಈ ಸೌಧದ ಜಮಾ-ಖರ್ಚನ್ನು ಒಮ್ಮೆ ನೋಡೋಣ. ವಿಲ್ಹೆಲ್ಮನು ಕಡೆಯ ಸಲ ಬಂದದ್ದು 1914ರ ವಸಂತದಲ್ಲಿ. ಅದೇ ವರ್ಷ ಮಹಾಯುದ್ಧ ಹೊತ್ತಿಕೊಂಡಿತು. ವಿಜಯಿ ಅಕಿಲೀಸನನ್ನು ನಿಲ್ಲಿಸಿದವನು 1918ರಲ್ಲಿ ಸಿಂಹಾಸನವನ್ನು ತ್ಯಜಿಸಿ ಹಾಲೆಂಡಿನಲ್ಲಿ ಆಶ್ರಯ ಪಡೆದನು. ಯುದ್ಧಕಾಲದಲ್ಲಿ ಫ್ರೆಂಚ್ ಮತ್ತು ಸರ್ಬಿಯನ್ ಪಡೆಗಳು ಇದನ್ನು ಸೈನಿಕ ಆಸ್ಪತ್ರೆಯಾಗಿ ಬಳಸಿದವು. ಎರಡನೆಯ ಮಹಾಯುದ್ಧದಲ್ಲಿಯೂ ಇದು ಮತ್ತೆ ಆಸ್ಪತ್ರೆಯಾಯಿತು. ಮುಂದೆ, 1962ರಿಂದ ಮೂರು ದಶಕಗಳ ಕಾಲ, ಮೇಲಂತಸ್ತಿನಲ್ಲಿ ಜೂಜಿನ ಕೇಂದ್ರ ನಡೆಯಿತು. ಹೀಗೆ ರಾಣಿ, ರಾಜ, ರೋಗಿ, ಜೂಜುಗಾರ ಎಲ್ಲರೂ ಅಲ್ಲಿ ಇದ್ದು ಹೋದರು. ನನ್ನ ಲೆಕ್ಕದಲ್ಲಿ ಜಮಾ ಬದಿಗೆ ಬರೆಯಬಹುದಾದವು ಗಾಯಾಳುಗಳು ಮಲಗಿದ್ದ ದಿನಗಳು ಮಾತ್ರ. ಬಾಣ ತಗುಲಿ ಒರಗಿದ ಅಕಿಲೀಸನು ಅಂದು ಆ ಮನೆಗೆ ನಿಜವಾಗಿ ಒಪ್ಪಿದನು.

ಇದು ಹಳೆಯ ಅರಸರ ಕಥೆಯೆಂದು ತಳ್ಳಿಹಾಕುವಂತಿಲ್ಲ. ಇಂದು ಗ್ರೀಕ್ ದ್ವೀಪಗಳ ದಡಗಳಲ್ಲಿ ಈಜುಕೊಳಗಳುಳ್ಳ ವಿಲ್ಲಾಗಳು ಸಾಲುಗಟ್ಟಿವೆ. 2013ರಲ್ಲಿ ಗ್ರೀಸ್ ಸರಕಾರವು ಎರಡೂವರೆ ಲಕ್ಷ ಯೂರೋ ಮೌಲ್ಯದ ಸ್ಥಿರಾಸ್ತಿಯನ್ನು ಕೊಂಡ ವಿದೇಶೀಯರಿಗೆ ವಾಸದ ಪರವಾನಗಿ ನೀಡತೊಡಗಿತು. ಮನೆಗಳ ಬೆಲೆ ಸ್ಥಳೀಯರ ಕೈಗೆಟುಕದಂತಾಗಿ, 2024ರಲ್ಲಿ ಬೇಡಿಕೆ ಹೆಚ್ಚಿದ ಪ್ರದೇಶಗಳಲ್ಲಿ ಈ ಮಿತಿಯನ್ನು 8 ಲಕ್ಷಕ್ಕೆ ಏರಿಸಬೇಕಾಯಿತು. ಆ ದೇಶದ ಕಾನೂನಿನಂತೆ ಕಡಲತೀರವು ಸಾರ್ವಜನಿಕರ ಸ್ವತ್ತು. ಆದರೂ 2023ರ ಬೇಸಿಗೆಯಲ್ಲಿ ಪಾರೋಸ್ ದ್ವೀಪದ ನಿವಾಸಿಗಳು, ಬಾಡಿಗೆಯ ಕುರ್ಚಿ-ಕೊಡೆಗಳು ಆಕ್ರಮಿಸಿದ ಮರಳಿನಲ್ಲಿ ತಮ್ಮ ಟವೆಲ್ಲನ್ನು ಹಾಸಲು ಜಾಗ ಕೊಡಿ ಎಂದು ಬೀದಿಗಿಳಿಯಬೇಕಾಯಿತು.

ಹಣವಂತನು ಸಮುದ್ರದ ನೋಟವನ್ನು ಕೊಳ್ಳಬಲ್ಲನು, ಸಮುದ್ರವನ್ನಲ್ಲ. ಕಟ್ಟುವವರು ಕಟ್ಟಲಿ; ಸುಂದರವಾಗಿಯೇ ಕಟ್ಟಲಿ. ಆದರೆ ಇನ್ನೊಬ್ಬನು ಟವೆಲ್ಲು ಹಾಸುವಷ್ಟು ಜಾಗವನ್ನು ಉಳಿಸಿದ್ದೇನೆಯೇ ಎಂಬ ಪ್ರಶ್ನೆಯನ್ನು ನಕ್ಷೆಗೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಲಿ.